ಸಡಿಲಗೊಂಡ ಸಾಕೆಟ್ಟು: ಫ್ಯೂಸಿಗೂ ಕಾಣದ ದೋಷ

ಹಳೆಯ ಮನೆಯ ವಿದ್ಯುತ್ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಮೊದಲು ಸವೆಯುವ ಭಾಗವೆಂದರೆ ದಿನವೂ ಪ್ಲಗ್ಗನ್ನು ಸಿಕ್ಕಿಸಿ ಕೀಳುವ ಸಾಕೆಟ್ಟು. ತಂತಿಗಳು ಗೋಡೆಯ ಮರೆಯಲ್ಲಿ ದಶಕಗಟ್ಟಲೆ ಅಲುಗದೆ ಇರುತ್ತವೆ, ಮೀಟರಿನ ಬಳಿಯ ಫ್ಯೂಸನ್ನು ಅಪರೂಪಕ್ಕೊಮ್ಮೆ ಮುಟ್ಟಲಾಗುತ್ತದೆ. ಆದರೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮೊಬೈಲ್ ಚಾರ್ಜರ್‌ಗಳ ಸಾಕೆಟ್ಟುಗಳು ಸಾವಿರಾರು ಸಲ ಪಿನ್ನನ್ನು ಒಳಗೆ ಸೇರಿಸಿಕೊಂಡು ಹೊರಗೆ ಬಿಟ್ಟಿರುತ್ತವೆ. ಪ್ಲಗ್ಗು ಜೋತುಬಿದ್ದಾಗ ಅದನ್ನು ಒತ್ತಿ ಹಿಡಿಯುವುದು, ಸಂದಿಗೆ ಮಡಿಸಿದ ಕಾಗದವನ್ನು ತುರುಕುವುದು, ವೈರನ್ನು ಒಂದು ಬದಿಗೆ ಎಳೆದು ಕಟ್ಟುವುದು ಮುಂತಾದ ಉಪಾಯಗಳಿಂದ ವರ್ಷಗಟ್ಟಲೆ ಕಾಲ ತಳ್ಳುವುದು ಅನೇಕ ಮನೆಗಳ ರೂಢಿ. ಸಡಿಲ ಸಾಕೆಟ್ಟನ್ನು ಕೇವಲ ಕಿರಿಕಿರಿಯೆಂದು ಭಾವಿಸುವ ಈ ರೂಢಿ ಅಪಾಯಕಾರಿಯಾದುದು. ಏಕೆಂದರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವ ರಕ್ಷಣಾ ಸಾಧನಗಳಲ್ಲಿ ಯಾವುದೂ ಸಡಿಲ ಸಂಪರ್ಕವನ್ನು ಗುರುತಿಸಲಾರದು, ಅದು ಬೆಂಕಿಗೆ ತಿರುಗುವ ಮೊದಲು ಕಂಡುಹಿಡಿಯಬಲ್ಲವರು ಆ ಮನೆಯಲ್ಲಿ ವಾಸಿಸುವವರು ಮಾತ್ರ.

ಸಾಕೆಟ್ಟಿನ ರಚನೆ ಸರಳವಾದುದು. ಮುಂಭಾಗದ ಪ್ಲಾಸ್ಟಿಕ್ ಅಥವಾ ಬೇಕಲೈಟ್ ಹೊದಿಕೆಯ ಹಿಂದೆ ಹಿತ್ತಾಳೆಯ ಅಥವಾ ಫಾಸ್ಫರ್ ಕಂಚಿನ ಮೂರು ಸಂಪರ್ಕಪಟ್ಟಿಗಳಿರುತ್ತವೆ. ಪಿನ್ನು ಒಳಸೇರಿದಾಗ ಈ ಪಟ್ಟಿಗಳು ತುಸು ಅಗಲಗೊಂಡು, ಸ್ಪ್ರಿಂಗಿನ ಗುಣದಿಂದ ಅದನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುತ್ತವೆ. ಭಾರತದ ದುಂಡುಪಿನ್ನಿನ ವಿನ್ಯಾಸಕ್ಕೆ ಮೂಲ 1934ರಲ್ಲಿ ಪ್ರಕಟವಾದ ಬಿಎಸ್ 546 ಎಂಬ ಬ್ರಿಟಿಷ್ ಮಾನಕ. ಬ್ರಿಟನ್ 1947ರಲ್ಲಿ ಚಪ್ಪಟೆ ಪಿನ್ನಿನ, ಪ್ಲಗ್ಗಿನೊಳಗೇ ಫ್ಯೂಸುಳ್ಳ ಬಿಎಸ್ 1363 ಎಂಬ ಹೊಸ ಮಾನಕಕ್ಕೆ ಹೊರಳಿತಾದರೂ ಭಾರತವು ದುಂಡು ಪಿನ್ನನ್ನೇ ಉಳಿಸಿಕೊಂಡು, ಅದನ್ನು ಐಎಸ್ 1293 ಎಂಬ ತನ್ನ ಮಾನಕದ ಚೌಕಟ್ಟಿಗೆ ತಂದುಕೊಂಡಿತು. ಹಿಂದಿನ 5 ಮತ್ತು 15 ಆಂಪಿಯರಿನ ಸಾಕೆಟ್ಟುಗಳೇ ಇಂದಿನ 6 ಮತ್ತು 16 ಆಂಪಿಯರಿನವು. ಆಂಪಿಯರ್ ಎಂಬುದು ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹದ ಅಳತೆ. ನಮ್ಮ ಪ್ಲಗ್ಗಿನೊಳಗೆ ಫ್ಯೂಸು ಇಲ್ಲದಿರುವುದರಿಂದ ಸಾಕೆಟ್ಟಿನ ರಕ್ಷಣೆಯ ಹೊಣೆಯೆಲ್ಲ ದೂರದ ಫ್ಯೂಸು ಅಥವಾ ಎಂಸಿಬಿಯ ಮೇಲೆಯೇ ಬೀಳುತ್ತದೆ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ.

ಮೂರು ರಂಧ್ರಗಳಲ್ಲಿ ಮೇಲಿನ ದೊಡ್ಡದು ಅರ್ತಿಂಗಿಗೆ, ಅಂದರೆ ಉಪಕರಣದ ಲೋಹದ ಮೈಯನ್ನು ಭೂಮಿಗೆ ಜೋಡಿಸುವ ತಂತಿಗೆ ಸೇರಿದ್ದು. ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಬಲಗಡೆಯದು ಫೇಸ್, ಅಂದರೆ ವಿದ್ಯುತ್ತನ್ನು ತರುವ ತಂತಿ. ಎಡಗಡೆಯದು ನ್ಯೂಟ್ರಲ್, ಅಂದರೆ ಅದನ್ನು ಹಿಂದಕ್ಕೆ ಒಯ್ಯುವ ತಂತಿ. ಅರ್ತ್ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದಕ್ಕೆ ಕಾರಣಗಳಿವೆ: ಉದ್ದವಾಗಿರುವುದರಿಂದ ಪ್ಲಗ್ಗು ಸೇರುವಾಗ ಅದು ಮೊದಲು ಕೂಡಿಕೊಂಡು ಕೀಳುವಾಗ ಕೊನೆಗೆ ಬಿಡುತ್ತದೆ, ದಪ್ಪವಾಗಿರುವುದರಿಂದ ಅದು ಫೇಸಿನ ರಂಧ್ರಕ್ಕೆ ತಪ್ಪಿಯೂ ಹೋಗಲಾರದು. ಹೊಸ ಸಾಕೆಟ್ಟುಗಳಲ್ಲಿ ಇನ್ನೊಂದು ಉಪಯೋಗವೂ ಸೇರಿದೆ. ಫೇಸ್ ಮತ್ತು ನ್ಯೂಟ್ರಲ್ ರಂಧ್ರಗಳನ್ನು ಮುಚ್ಚಿರುವ ಒಳಗಿನ ಪರದೆಯನ್ನು, ಅಂದರೆ ಷಟರನ್ನು, ಅರ್ತ್ ಪಿನ್ನೇ ತೆರೆಯುವುದರಿಂದ ಮಗುವೊಂದು ಕಡ್ಡಿಯನ್ನೋ ಮೊಳೆಯನ್ನೋ ಒಳಗೆ ತೂರಿಸುವ ಅಪಾಯ ತಪ್ಪುತ್ತದೆ. ಹಳೆಯ ಮನೆಗಳ ಸಾಕೆಟ್ಟುಗಳಲ್ಲಿ ಬಹುಪಾಲು ಈ ಪರದೆ ಇರುವುದಿಲ್ಲ.

ಸಡಿಲತೆಯ ಅಪಾಯವನ್ನು ತಿಳಿಯಲು ಸಂಪರ್ಕ ರೋಧವೆಂಬ ಪರಿಕಲ್ಪನೆ ಮುಖ್ಯ. ಎರಡು ಲೋಹಗಳು ಒಂದಕ್ಕೊಂದು ತಾಗಿದಾಗ ಮೇಲುನೋಟಕ್ಕೆ ಅವು ಪೂರ್ತಿಯಾಗಿ ಕೂಡಿದಂತೆ ತೋರಿದರೂ ವಾಸ್ತವದಲ್ಲಿ ಕೆಲವೇ ಸೂಕ್ಷ್ಮ ಬಿಂದುಗಳಲ್ಲಿ ಮಾತ್ರ ಕೂಡಿರುತ್ತವೆ. ಒತ್ತಡ ಹೆಚ್ಚಿದಷ್ಟೂ ಬಿಂದುಗಳು ಹೆಚ್ಚುತ್ತವೆ, ಒತ್ತಡ ಕುಗ್ಗಿದರೆ ಇಡೀ ಪ್ರವಾಹ ಉಳಿದ ಕೆಲವು ಬಿಂದುಗಳ ಮೂಲಕವೇ ನುಗ್ಗಬೇಕಾಗುತ್ತದೆ. ಪ್ರವಾಹಕ್ಕೆ ಆ ಜಾಗದಲ್ಲಿ ಒದಗುವ ತಡೆಯೇ ಸಂಪರ್ಕ ರೋಧ. ಅದರ ಅಳತೆ ಓಮ್. ಅಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. 3000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ಗಟ್ಟಿಯಾದ ಸಂಪರ್ಕದ ರೋಧ 0.005 ಓಮ್ ಎಂದಿಟ್ಟುಕೊಂಡರೆ ಅಲ್ಲಿ ಒಂದು ವ್ಯಾಟಿಗಿಂತ ಕಡಿಮೆ ಶಾಖ ಹುಟ್ಟುತ್ತದೆ. ಸಡಿಲಗೊಂಡು ಅದು 0.2 ಓಮಿಗೆ ಏರಿದರೆ ಶಾಖ ಸುಮಾರು 34 ವ್ಯಾಟಿಗೆ ಏರುತ್ತದೆ. ರೇಡಿಯೋ ರಿಪೇರಿಯವರು ಬೆಸುಗೆಗೆ ಬಳಸುವ 25 ವ್ಯಾಟಿನ ಸಾಲ್ಡರಿಂಗ್ ಕಡ್ಡಿಗಿಂತ ಹೆಚ್ಚಿನ ಶಾಖವು ಹೀಗೆ ಹೆಬ್ಬೆರಳ ತುದಿಯಷ್ಟು ಜಾಗದಲ್ಲಿ, ಸುತ್ತಲೂ ಪ್ಲಾಸ್ಟಿಕ್ ಮುಚ್ಚಿರುವ ಸಾಕೆಟ್ಟಿನೊಳಗೆ ಸೇರಿಕೊಳ್ಳುತ್ತದೆ.

ಇಷ್ಟು ಶಾಖ ಹುಟ್ಟಿದರೂ ಎಂಸಿಬಿ ಏಕೆ ಕೆಳಗೆ ಬೀಳುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಮೇಲಿನ ಲೆಕ್ಕದಲ್ಲೇ ಇದೆ. ಎಂಸಿಬಿ ಎಂಬುದು ಪ್ರವಾಹ ತನ್ನ ಮಿತಿಯನ್ನು ಮೀರಿದಾಗ ತಾನಾಗಿ ಕಡಿತಗೊಳಿಸುವ ಸ್ವಿಚ್ಚು. ಸಡಿಲ ಸಾಕೆಟ್ಟಿನ ಮೂಲಕ ಹರಿಯುವ ಪ್ರವಾಹವಾದರೋ ಗೀಸರಿಗೆ ಬೇಕಾದ ಅದೇ 13 ಆಂಪಿಯರ್, ರೋಧ ಹೆಚ್ಚಿದ್ದರಿಂದ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಸಂಪರ್ಕದಲ್ಲಿ ಕಳೆದುಹೋಗುವ ವೋಲ್ಟೇಜ್ ಮೂರು ವೋಲ್ಟಿಗಿಂತ ಕಡಿಮೆಯಾದ್ದರಿಂದ ನೀರು ಕಾಯುವುದರಲ್ಲಿಯೂ ವ್ಯತ್ಯಾಸ ತೋರುವುದಿಲ್ಲ. ಆರ್‌ಸಿಸಿಬಿ ಎಂಬ ಇನ್ನೊಂದು ಸಾಧನವು ಫೇಸಿನಲ್ಲಿ ಹೋದ ಪ್ರವಾಹ ಮತ್ತು ನ್ಯೂಟ್ರಲ್‌ನಲ್ಲಿ ಮರಳಿದ ಪ್ರವಾಹವನ್ನು ಹೋಲಿಸಿ, ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿ ಆಂಪಿಯರಿನಷ್ಟು ಸೋರಿಕೆ ಕಂಡರೆ ಕಡಿತಗೊಳಿಸುತ್ತದೆ. ಶಾಕ್ ಹೊಡೆಯದಂತೆ ಕಾಪಾಡುವಲ್ಲಿ ಅದು ಅಮೂಲ್ಯವಾದರೂ ಸಡಿಲ ಸಂಪರ್ಕದಲ್ಲಿ ಸೋರಿಕೆಯೇ ಇಲ್ಲದ್ದರಿಂದ ಅದಕ್ಕೂ ದೋಷ ಗೋಚರಿಸದು. ಕಿಡಿಯನ್ನು ಗುರುತಿಸುವ ಪ್ರತ್ಯೇಕ ಸಾಧನಗಳು ಉಂಟು. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯು 1999ರ ಆವೃತ್ತಿಯಲ್ಲಿ ಮಲಗುವ ಕೋಣೆಗಳ ಸಾಕೆಟ್ಟುಗಳಿಗೆ ಅವನ್ನು ವಿಧಿಸಿತು. ಭಾರತದ ಮನೆಗಳಲ್ಲಿ ಅವು ಇನ್ನೂ ಅಪರೂಪ, ಮೇಲಾಗಿ ಕಿಡಿಯಿಲ್ಲದೆ ಬರಿಯ ಶಾಖ ಏರುತ್ತಿರುವ ಹಂತವನ್ನು ಅವೂ ಕಾಣಲಾರವು.

ಸಡಿಲತೆ ತಾನಾಗಿ ಸರಿಹೋಗದಿರುವುದಷ್ಟೇ ಅಲ್ಲದೆ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಶಾಖಕ್ಕೆ ಸಂಪರ್ಕಪಟ್ಟಿಯ ಸ್ಪ್ರಿಂಗಿನ ಗುಣ ಕುಗ್ಗುತ್ತದೆ, ಅದರಿಂದ ಹಿಡಿತ ಇನ್ನಷ್ಟು ಸಡಿಲುತ್ತದೆ, ಬಿಸಿಯಾದ ಲೋಹದ ಮೇಲೆ ಆಕ್ಸೈಡಿನ ಪೊರೆ ಬೆಳೆದು ರೋಧವನ್ನು ಹೆಚ್ಚಿಸುತ್ತದೆ, ಹೆಚ್ಚಿದ ರೋಧ ಮತ್ತೆ ಶಾಖವನ್ನು ಹೆಚ್ಚಿಸುತ್ತದೆ. ತಾಮ್ರದ ಸಡಿಲ ಸಂಧಿಯಲ್ಲಿ ತಾಮ್ರದ ಆಕ್ಸೈಡಿನ ಸಣ್ಣ ಗುಂಡು ರೂಪುಗೊಂಡು ಕೆಂಪಗೆ ಕಾದು ನಿಲ್ಲುವ ಸ್ಥಿತಿಯೂ ಬರಬಹುದು; ಆ ಬಿಂದುವಿನ ಉಷ್ಣತೆ 1000 ಡಿಗ್ರಿ ಸೆಲ್ಸಿಯಸನ್ನು ದಾಟಬಲ್ಲದು. ಮನೆಯ ತಂತಿಗಳ ಸಾಮಾನ್ಯ ಪಿವಿಸಿ ಹೊದಿಕೆ 70 ಡಿಗ್ರಿಯವರೆಗಿನ ಬಳಕೆಗೆ ಮಾತ್ರ ತಯಾರಾದದ್ದು. ಹಳೆಯ ಮನೆಗಳಲ್ಲಿ ಸಾಕೆಟ್ಟಿನ ಹಿಂದೆ ಮರದ ಬೋರ್ಡು, ಒಣಗಿದ ಮರದ ಕೇಸಿಂಗ್ ಪಟ್ಟಿ, ಜೇಡರ ಬಲೆ, ಧೂಳು ಇರುವುದರಿಂದ ಆ ಶಾಖಕ್ಕೆ ಹೊತ್ತಿಕೊಳ್ಳುವ ವಸ್ತುವಿಗೂ ಕೊರತೆಯಿರುವುದಿಲ್ಲ.

ಸಾಕೆಟ್ಟು ಸಡಿಲಗೊಳ್ಳಲು ಕಾರಣಗಳು ಹಲವು. ಶಿವನಸಮುದ್ರದ ಜಲವಿದ್ಯುತ್ತು 1905ರಲ್ಲಿ ಬೆಂಗಳೂರಿಗೆ ಬೆಳಕು ತಂದ ಮೇಲೆ ಹಲವು ದಶಕಗಳವರೆಗೆ ಮನೆಯ ವಿದ್ಯುತ್ತು ಮುಖ್ಯವಾಗಿ ದೀಪಕ್ಕೇ ಬಳಕೆಯಾಗುತ್ತಿದ್ದುದರಿಂದ, ಹಳೆಯ ಮನೆಯ ಕೋಣೆಗೊಂದರಂತೆ ಇದ್ದ ಸಾಕೆಟ್ಟಿನ ಮೇಲೆ ಈಗ ಹತ್ತಾರು ಉಪಕರಣಗಳ ಭಾರ ಬಿದ್ದಿದೆ. ದೊಡ್ಡ ಅಡಾಪ್ಟರನ್ನೋ ಮೂರು ದಾರಿಯ ಪ್ಲಗ್ಗನ್ನೋ ಸಿಕ್ಕಿಸಿದಾಗ ಅದರ ತೂಕ ಸಂಪರ್ಕಪಟ್ಟಿಯನ್ನು ಕೆಳಕ್ಕೆ ಬಾಗಿಸುತ್ತದೆ. 6 ಆಂಪಿಯರಿನ ಸಾಕೆಟ್ಟು ಸುಮಾರು 5 ಮಿಲಿಮೀಟರ್ ದಪ್ಪದ ಪಿನ್ನಿಗಾಗಿ ರೂಪಿಸಿದ್ದು. ಯುರೋಪಿನ ಮಾದರಿಯ ಎರಡು ಪಿನ್ನಿನ ಚಾರ್ಜರ್‌ಗಳ ಪಿನ್ನು 4 ಮಿಲಿಮೀಟರಿನಷ್ಟೇ ಇರುವುದರಿಂದ ಹೊಸ ಸಾಕೆಟ್ಟಿನಲ್ಲೂ ಅದು ಗಟ್ಟಿಯಾಗಿ ಕೂರುವುದು ಕಷ್ಟ. ಪರದೆ ತೆರೆಯಲೆಂದು ಅರ್ತ್ ರಂಧ್ರಕ್ಕೆ ಪೆನ್ನನ್ನೋ ಸ್ಕ್ರೂಡ್ರೈವರನ್ನೋ ತುರುಕುವ ಅಭ್ಯಾಸ ಪರದೆಯನ್ನು ಮುರಿಯುತ್ತದೆ. ಪ್ಲಗ್ಗೇ ಇಲ್ಲದೆ ಬರಿಯ ವೈರುಗಳನ್ನು ರಂಧ್ರದಲ್ಲಿಟ್ಟು ಬೆಂಕಿಕಡ್ಡಿಯಿಂದ ಬಿಗಿ ಮಾಡುವ ಅಭ್ಯಾಸವಂತೂ ಪ್ರಾಣಕ್ಕೇ ಸಂಚಕಾರ. ನಡುವೆ ಸೀಳಿರುವ ಹಳೆಯ ಹಿತ್ತಾಳೆ ಪಿನ್ನುಗಳನ್ನು ಚಾಕುವಿನಿಂದ ಅಗಲಿಸಿ ಬಿಗಿ ಮಾಡುವುದೂ ಉಂಟು. ಅದರಿಂದ ಪಿನ್ನು ಅಂಚಿನಲ್ಲಿ ಮಾತ್ರ ತಾಗುವುದಲ್ಲದೆ ಸಂಪರ್ಕಪಟ್ಟಿ ಇನ್ನಷ್ಟು ಹಿಗ್ಗುತ್ತದೆ. ಕರಾವಳಿಯಲ್ಲಿ ಉಪ್ಪು ಬೆರೆತ ತೇವದ ಗಾಳಿಗೆ ಹಿತ್ತಾಳೆಯ ಮೇಲೆ ಕಿಲುಬು ಕಟ್ಟುತ್ತದೆ. ಮಲೆನಾಡಿನ ದೀರ್ಘ ಮಳೆಗಾಲದಲ್ಲಿ ಗೋಡೆಯ ತೇವ ಬೋರ್ಡಿನೊಳಗೆ ಇಳಿದು, ಇರುವೆ ಹಲ್ಲಿಗಳೂ ಅಲ್ಲಿ ಮನೆ ಮಾಡುತ್ತವೆ.

ದೋಷದ ಲಕ್ಷಣಗಳನ್ನು ಗುರುತಿಸಲು ವಿಶೇಷ ಪರಿಣತಿ ಬೇಕಿಲ್ಲ. ಪ್ಲಗ್ಗು ತನ್ನ ಭಾರಕ್ಕೇ ಬಾಗುವುದು ಅಥವಾ ತುಸು ಎಳೆದರೆ ಕಳಚಿಬರುವುದು, ಅಲುಗಿಸಿದಾಗ ಉಪಕರಣ ನಿಂತು ಮತ್ತೆ ಓಡುವುದು, ಚಟಪಟ ಸದ್ದು ಕೇಳುವುದು, ಸಾಕೆಟ್ಟಿನ ರಂಧ್ರದ ಸುತ್ತ ಕಂದು ಅಥವಾ ಕಪ್ಪು ಕಲೆ ಮೂಡುವುದು, ಸುಟ್ಟ ಪ್ಲಾಸ್ಟಿಕ್ಕಿನ ಅಥವಾ ಕಾರಣವಿಲ್ಲದೆ ಮೀನಿನಂಥ ವಾಸನೆ ಬರುವುದು ಇವೆಲ್ಲ ಸ್ಪಷ್ಟ ಸೂಚನೆಗಳು. ಹೊರಗೆ ಏನೂ ಕಾಣದಿದ್ದರೂ ಗೀಸರ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆಗಳಂಥ ಹೆಚ್ಚು ವಿದ್ಯುತ್ ಎಳೆಯುವ ಉಪಕರಣವನ್ನು ಹದಿನೈದು ಇಪ್ಪತ್ತು ನಿಮಿಷ ನಡೆಸಿ, ಸ್ವಿಚ್ಚು ಆರಿಸಿ, ಸಾಕೆಟ್ಟಿನ ಮುಖವನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಬಹುದು. ಅನಂತರ ಪ್ಲಗ್ಗನ್ನು ಅದರ ಪ್ಲಾಸ್ಟಿಕ್ ಭಾಗವನ್ನೇ ಹಿಡಿದು ಹೊರತೆಗೆದು, ಪಿನ್ನುಗಳ ಬಣ್ಣವನ್ನು ಗಮನಿಸಬಹುದು. ಬೆಚ್ಚಗಾಗುವುದು ಸಹಜವಾಗಿರಬಹುದಾದರೂ ಮುಟ್ಟಿ ಹಿಡಿಯಲಾಗದಷ್ಟು ಬಿಸಿ, ಅಥವಾ ಎರಡು ಪಿನ್ನುಗಳಲ್ಲಿ ಒಂದು ಮಾತ್ರ ಕಪ್ಪಾಗಿರುವುದು ಸಾಕೆಟ್ಟು ತನ್ನ ಆಯುಷ್ಯ ಮುಗಿಸಿದ್ದಕ್ಕೆ ಸಾಕ್ಷಿ. ಅಂಥ ಸಾಕೆಟ್ಟಿನ ಪಟ್ಟಿಗಳನ್ನು ಇಕ್ಕಳದಿಂದ ಅಮುಕಿ ಬಿಗಿಮಾಡುವುದು ಪರಿಹಾರವಲ್ಲ, ಏಕೆಂದರೆ ಒಮ್ಮೆ ಕಾದು ಮೆತ್ತಗಾದ ಲೋಹಕ್ಕೆ ಕಳೆದುಹೋದ ಸ್ಪ್ರಿಂಗಿನ ಗುಣ ಅಮುಕುವುದರಿಂದ ಮರಳುವುದಿಲ್ಲ. ಅದನ್ನು ಬದಲಾಯಿಸುವುದೊಂದೇ ದಾರಿ.

ಬದಲಾಯಿಸುವವರು ಯಾರಾಗಬೇಕು ಎಂಬುದನ್ನು ಕಾನೂನೂ ಹೇಳುತ್ತದೆ. ವಿದ್ಯುತ್ ಸ್ಥಾಪನೆಯ ಕೆಲಸವನ್ನು, ಹಳೆಯದರ ಬದಲಾವಣೆ ಮತ್ತು ದುರಸ್ತಿಯೂ ಸೇರಿದಂತೆ, ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳೂ ಅನಂತರ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಹೊರಡಿಸಿದ ಸುರಕ್ಷತಾ ನಿಯಮಗಳೂ ವಿಧಿಸಿದವು. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನೂ ಫಿಟ್ಟಿಂಗುಗಳನ್ನೂ ಸ್ಥಾಪನೆಯ ಸಾಮರ್ಥ್ಯ ಮತ್ತು ಸ್ವರೂಪ ಬದಲಾಗದಂತೆ ಇದ್ದದ್ದರ ಬದಲಿಗೆ ಹಾಕುವುದಕ್ಕೆ ಮಾತ್ರ ಅವು ವಿನಾಯಿತಿ ಕೊಟ್ಟವು. ಈ ವಿಂಗಡಣೆಯಲ್ಲಿ ವಿವೇಕವಿದೆ. 6 ಆಂಪಿಯರಿನ ಹಳೆಯ ಸಾಕೆಟ್ಟನ್ನು ತೆಗೆದು ಅದೇ ಸಾಮರ್ಥ್ಯದ ಹೊಸದನ್ನು ಕೂರಿಸುವುದು ಒಂದು ಬಗೆ. ಹೊಸ ತಂತಿ ಎಳೆಯುವುದು, ಸಾಮರ್ಥ್ಯ ಹೆಚ್ಚಿಸುವುದು, ಅರ್ತಿಂಗ್ ತರುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿಯೂ ವಿದ್ಯುತ್ ಕೆಲಸದ ಅನುಭವವಿಲ್ಲದವರು ಕೈಹಾಕದೆ ಪರ್ಮಿಟ್ ಹೊಂದಿದ ವೈರ್‌ಮನ್‌ರನ್ನು ಕರೆಸುವುದೇ ಸರಿ. ಮನೆಯವರಿಗೆ ಕೆಲಸದ ಕ್ರಮ ತಿಳಿದಿದ್ದರೆ ಮಾಡಿಸಿದ ಕೆಲಸ ಸರಿಯೇ ಎಂದು ನೋಡಿಕೊಳ್ಳಲು ಸಾಧ್ಯವಾಗುತ್ತದೆ.

ಕೆಲಸದ ಮೊದಲ ಹೆಜ್ಜೆ ವಿದ್ಯುತ್ತನ್ನು ಪೂರ್ಣವಾಗಿ ಕಡಿತಗೊಳಿಸುವುದು. ಬೋರ್ಡಿನ ಮೇಲಿನ ಸ್ವಿಚ್ಚನ್ನು ಆರಿಸಿದರೆ ಸಾಲದು, ಏಕೆಂದರೆ ಹಳೆಯ ಮನೆಗಳಲ್ಲಿ ಆ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲಿನ ಮೇಲೆ ಕೂತಿರುವ ಸಂಭವವಿದ್ದು, ಹಾಗಿದ್ದಲ್ಲಿ ಸ್ವಿಚ್ಚು ಆರಿದಾಗಲೂ ಸಾಕೆಟ್ಟಿನಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಮೇನ್ ಸ್ವಿಚ್ಚನ್ನೇ ಆರಿಸಬೇಕು, ಅದನ್ನು ಇನ್ನೊಬ್ಬರು ಹಾಕದಂತೆ ಮನೆಯವರೆಲ್ಲರಿಗೂ ತಿಳಿಸಬೇಕು. ಯುಪಿಎಸ್ ಇರುವ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ: ಮೇನ್ ಸ್ವಿಚ್ಚು ಆರಿದೊಡನೆ ಬ್ಯಾಟರಿಯಿಂದ 230 ವೋಲ್ಟ್ ವಿದ್ಯುತ್ತು ಕೆಲವು ಪಾಯಿಂಟುಗಳಿಗೆ ತಾನಾಗಿ ಹರಿಯತೊಡಗುತ್ತದೆ, ಆದ್ದರಿಂದ ಯುಪಿಎಸ್‌ನ್ನೂ ಅದರ ಹೊರಹರಿವಿನ ದಾರಿಯನ್ನೂ ಬಂದ್ ಮಾಡಬೇಕು. ಅನಂತರ ಪರೀಕ್ಷೆ. ನಿಯಾನ್ ದೀಪದ ಟೆಸ್ಟರ್ ಬೆಳಗದಿದ್ದರೆ ವಿದ್ಯುತ್ತು ಇಲ್ಲವೆಂದು ನಂಬಿಬಿಡುವುದು ತಪ್ಪು, ಟೆಸ್ಟರೇ ಕೆಟ್ಟಿರಬಹುದು ಅಥವಾ ಬಿಸಿಲಿನ ಬೆಳಕಿನಲ್ಲಿ ಅದರ ಮಂದ ಹೊಳಪು ಕಾಣದಿರಬಹುದು. ಮೇನ್ ಸ್ವಿಚ್ಚು ಆರಿಸುವ ಮೊದಲು ವಿದ್ಯುತ್ತು ಇರುವುದು ಖಚಿತವಾದ ಪಾಯಿಂಟಿನಲ್ಲಿ ಪರೀಕ್ಷಾ ಸಾಧನವನ್ನು ನೋಡಿ, ಆರಿಸಿದ ಮೇಲೆ ಸಾಕೆಟ್ಟಿನ ಮೂರೂ ರಂಧ್ರಗಳಲ್ಲಿ ನೋಡಿ, ಮತ್ತೆ ವಿದ್ಯುತ್ತಿರುವ ಬೇರೊಂದು ಆಕರದಲ್ಲಿ ಸಾಧನ ಸರಿಯಿದೆಯೆಂದು ಖಚಿತಪಡಿಸಿಕೊಳ್ಳುವ ಮೂರು ಹಂತದ ಕ್ರಮವೇ ಭದ್ರವಾದದ್ದು.

ಹಳೆಯ ಸಾಕೆಟ್ಟನ್ನು ಬಿಚ್ಚುವ ಮುನ್ನ ಯಾವ ತಂತಿ ಎಲ್ಲಿಗೆ ಸೇರಿದೆ ಎಂಬುದರ ಚಿತ್ರ ತೆಗೆದಿಟ್ಟುಕೊಂಡರೆ ಗೊಂದಲ ತಪ್ಪುತ್ತದೆ. ಕೆಂಪು, ಹಳದಿ, ನೀಲಿ ತಂತಿಗಳು ಫೇಸಿಗೆ, ಕಪ್ಪು ನ್ಯೂಟ್ರಲಿಗೆ, ಹಸಿರು ಅರ್ತಿಂಗಿಗೆ ಎಂಬುದು ನಮ್ಮಲ್ಲಿ ರೂಢಿಯಾದ ಕ್ರಮವಾದರೂ ಹಳೆಯ ಮನೆಗಳಲ್ಲಿ ಬಣ್ಣವನ್ನೇ ನಂಬುವಂತಿಲ್ಲ. ಹಿಂದೆ ಯಾರೋ ಕೈಗೆ ಸಿಕ್ಕ ತಂತಿಯಿಂದ ದುರಸ್ತಿ ಮಾಡಿರಬಹುದು. ಒಂದೇ ಸ್ಕ್ರೂವಿನಡಿ ಎರಡು ಮೂರು ತಂತಿಗಳಿದ್ದರೆ ಅದು ಲೂಪಿಂಗ್, ಅಂದರೆ ಒಂದು ಪಾಯಿಂಟಿನಿಂದ ಮುಂದಿನ ಪಾಯಿಂಟಿಗೆ ವಿದ್ಯುತ್ತನ್ನು ಒಯ್ಯುವ ಏರ್ಪಾಡು. ಇಂಥ ಕಡೆ ಆ ಒಂದು ಸ್ಕ್ರೂ ಸಡಿಲವಾದರೆ ಮುಂದಿನ ಪಾಯಿಂಟುಗಳ ಪ್ರವಾಹವೂ ಅದರ ಮೂಲಕವೇ ಹಾಯುವುದರಿಂದ, ಏನನ್ನೂ ಸಿಕ್ಕಿಸದ ಸಾಕೆಟ್ಟೂ ಒಳಗೊಳಗೆ ಕಾಯುತ್ತಿರಬಹುದು. ಲೂಪಿಂಗ್ ತಂತಿಗಳನ್ನು ಸರಿಯಾದ ಕನೆಕ್ಟರಿನಲ್ಲಿ ಒಟ್ಟಿಗೆ ಬಿಗಿದು, ಅಲ್ಲಿಂದ ಚಿಕ್ಕ ತುಂಡು ತಂತಿಯೊಂದನ್ನು ಮಾತ್ರ ಸಾಕೆಟ್ಟಿಗೆ ತರುವುದು ಹೆಚ್ಚು ಸುರಕ್ಷಿತ.

ಹೊಸ ಸಾಕೆಟ್ಟಿನ ಬಾಳಿಕೆ ತಂತಿಯ ತುದಿಯನ್ನು ಸಿದ್ಧಪಡಿಸುವ ಶ್ರದ್ಧೆಯ ಮೇಲೆ ನಿಂತಿದೆ. ಶಾಖಕ್ಕೆ ಕಪ್ಪಾದ, ಹೊದಿಕೆ ಸೆಟೆದುಕೊಂಡ ಭಾಗವನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ ತೆಗೆಯಬೇಕು; ಕಪ್ಪು ತುದಿಯನ್ನೇ ಹೊಸ ಸ್ಕ್ರೂವಿಗೆ ಬಿಗಿದರೆ ಹಳೆಯ ದೋಷವೇ ಹೊಸ ಸಾಕೆಟ್ಟಿಗೆ ಬಂದಂತಾಗುತ್ತದೆ. ಟರ್ಮಿನಲಿನ, ಅಂದರೆ ತಂತಿ ಸೇರುವ ಹಿತ್ತಾಳೆ ರಂಧ್ರದ ಆಳಕ್ಕೆ ತಕ್ಕಷ್ಟೇ ಹೊದಿಕೆಯನ್ನು ಸುಲಿದು, ಎಳೆಗಳನ್ನು ಒಂದನ್ನೂ ಕತ್ತರಿಸದೆ ಹೊಸೆದು, ರಂಧ್ರ ದೊಡ್ಡದಾಗಿದ್ದರೆ ತುದಿಯನ್ನು ಮಡಿಸಿ ಪೂರ್ತಿ ಒಳಸೇರಿಸಿ ಬಿಗಿಯಬೇಕು. ಬರಿಯ ತಾಮ್ರ ಹೊರಗೆ ಇಣುಕಬಾರದು, ಹೊದಿಕೆಯ ಮೇಲೆ ಸ್ಕ್ರೂ ಕೂರಬಾರದು. ಎಳೆಗಳ ತುದಿಗೆ ಸೀಸದ ಬೆಸುಗೆ ಹಾಕಿ ಗಟ್ಟಿ ಮಾಡುವ ಕ್ರಮವೂ ಸರಿಯಲ್ಲ. ಬೆಸುಗೆಯ ಮೆದು ಲೋಹ ಸ್ಕ್ರೂವಿನ ಒತ್ತಡಕ್ಕೆ ಕಾಲಕ್ರಮದಲ್ಲಿ ಜಾರಿ ಸಂಪರ್ಕ ಸಡಿಲುತ್ತದೆ. ಬಿಗಿದ ಪ್ರತಿಯೊಂದು ತಂತಿಯನ್ನೂ ಎಳೆದು ನೋಡಿ, ಬಾರದಿದ್ದರೆ ಮಾತ್ರ ಮುಚ್ಚಳ ಹಾಕಬೇಕು. ಎದುರಿನಿಂದ ಬಲಕ್ಕಿರುವ ಫೇಸು ಹಿಂದಿನಿಂದ ಬಿಗಿಯುವಾಗ ಎಡಕ್ಕೆ ಬರುತ್ತದೆಂಬುದನ್ನು ಮರೆತು ತಂತಿಗಳು ಅದಲುಬದಲಾಗುವ ತಪ್ಪು ಸಾಮಾನ್ಯವಾದ್ದರಿಂದ ಟರ್ಮಿನಲಿನ ಬಳಿ ಅಚ್ಚಾಗಿರುವ ಗುರುತುಗಳನ್ನು ನೋಡಿಯೇ ಜೋಡಿಸಬೇಕು.

ಗೋಡೆಯ ತಂತಿ ಬೆಳ್ಳಿಬಣ್ಣದ ಅಲ್ಯೂಮಿನಿಯಂ ಆಗಿದ್ದರೆ ವಿಷಯ ಇನ್ನಷ್ಟು ಗಂಭೀರ. ತಾಮ್ರವನ್ನು ಹೊರದೇಶದಿಂದ ತರಿಸಬೇಕಾಗಿದ್ದ ದಶಕಗಳಲ್ಲಿ ಭಾರತದ ಅನೇಕ ಮನೆಗಳಿಗೆ ಅಲ್ಯೂಮಿನಿಯಂ ತಂತಿಯನ್ನೇ ಎಳೆಯಲಾಯಿತು. ಅದರ ವಾಹಕತೆ ತಾಮ್ರದ ಸುಮಾರು 61 ಶೇಕಡದಷ್ಟು; ಶಾಖಕ್ಕೆ ಅದು ತಾಮ್ರ, ಹಿತ್ತಾಳೆಗಳಿಗಿಂತ ಹೆಚ್ಚು ಹಿಗ್ಗಿ ಕುಗ್ಗುತ್ತದೆ, ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗುತ್ತ ಹೋಗುತ್ತದೆ, ಗಾಳಿ ತಾಗಿದೊಡನೆ ಅದರ ಮೇಲೆ ಹುಟ್ಟುವ ಆಕ್ಸೈಡಿನ ಪೊರೆ ವಿದ್ಯುತ್ತನ್ನು ಬಿಡುವುದಿಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಪ್ರಕಾರ, 1972ಕ್ಕಿಂತ ಮುಂಚೆ ತಯಾರಾದ ಅಲ್ಯೂಮಿನಿಯಂ ತಂತಿಯುಳ್ಳ ಮನೆಗಳಲ್ಲಿ ಸಂಪರ್ಕಗಳು ಬೆಂಕಿಯ ಅಪಾಯದ ಸ್ಥಿತಿಗೆ ತಲಪುವ ಸಂಭವ ತಾಮ್ರದ ತಂತಿಯ ಮನೆಗಳಿಗಿಂತ 55 ಪಟ್ಟು ಹೆಚ್ಚು. ಅಲ್ಯೂಮಿನಿಯಂ ತಂತಿಗೆ ತಾಮ್ರದ ತುಂಡನ್ನು ಬರಿದೆ ಹೊಸೆದು ಟೇಪು ಸುತ್ತುವುದರಿಂದ ಎರಡು ಲೋಹಗಳ ನಡುವೆ ತೇವದಲ್ಲಿ ಸವೆತವೂ ಶುರುವಾಗುತ್ತದೆ. ಇಂಥ ಮನೆಗೆ ಸಾಕೆಟ್ಟು ಬದಲಾವಣೆ ತಾತ್ಕಾಲಿಕ ಶಮನ ಮಾತ್ರ, ತಂತಿಯನ್ನೇ ತಾಮ್ರಕ್ಕೆ ಬದಲಾಯಿಸುವುದು ನಿಜವಾದ ಪರಿಹಾರ.

ಹೊಸ ಸಾಕೆಟ್ಟನ್ನು ಆರಿಸುವಾಗ ಅದರ ಮೇಲೆ ಐಎಸ್ಐ ಗುರುತೂ ಐಎಸ್ 1293 ಎಂಬ ಸಂಖ್ಯೆಯೂ ಇರುವುದನ್ನು, ಒಳಗೆ ಪರದೆ ಇರುವುದನ್ನು, ಕೈಯಲ್ಲಿ ತೂಗಿದಾಗ ಲೋಹದ ಭಾಗಗಳು ತೀರ ಹಗುರವಾಗಿಲ್ಲದಿರುವುದನ್ನು ನೋಡಬೇಕು. ಎಲ್ಲ ದೇಶಗಳ ಪ್ಲಗ್ಗುಗಳನ್ನೂ ಒಳಸೇರಿಸಿಕೊಳ್ಳುವ ಯೂನಿವರ್ಸಲ್ ಸಾಕೆಟ್ಟುಗಳು ಅನುಕೂಲವೆನಿಸಿದರೂ ಅವುಗಳ ಅಗಲ ರಂಧ್ರದಲ್ಲಿ ಯಾವ ಪಿನ್ನಿಗೂ ತಕ್ಕ ಹಿಡಿತ ಸಿಗುವುದು ಕಷ್ಟವಾದ್ದರಿಂದ ಹೆಚ್ಚು ಪ್ರವಾಹದ ಉಪಕರಣಗಳಿಗೆ ಅವು ಸಲ್ಲವು. 6 ಆಂಪಿಯರಿನ ಸಾಕೆಟ್ಟಿದ್ದ ಕಡೆ 16 ಆಂಪಿಯರಿನದನ್ನು ಕೂರಿಸುವ ಆಸೆಯಿಂದಲೂ ದೂರವಿರಬೇಕು. ಗೋಡೆಯೊಳಗಿನ ತಂತಿ 1 ಚದರ ಮಿಲಿಮೀಟರಿನದಾಗಿದ್ದರೆ ಹೊರಗಿನ ದೊಡ್ಡ ಸಾಕೆಟ್ಟು ಅದರ ಸಾಮರ್ಥ್ಯವನ್ನು ಹೆಚ್ಚಿಸುವುದಿಲ್ಲ. ದೊಡ್ಡ ಪ್ಲಗ್ಗನ್ನು ಸಿಕ್ಕಿಸಲು ಅವಕಾಶ ಕೊಟ್ಟು ತಂತಿಯನ್ನೇ ಕಾಯಿಸುತ್ತದೆ. 16 ಆಂಪಿಯರಿನ ಪಾಯಿಂಟಿಗೆ ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ, ಗೀಸರಿನಂಥ ಭಾರಕ್ಕೆ 4 ಚದರ ಮಿಲಿಮೀಟರಿನದು, ಪ್ರತ್ಯೇಕ ಎಂಸಿಬಿಯೊಡನೆ ಇರುವುದು ಒಳ್ಳೆಯ ವೈರಿಂಗಿನ ಕ್ರಮ. ಪಿಂಗಾಣಿಯ ಹಳೆಯ ಕಟೌಟಿಗೆ ಫ್ಯೂಸ್ ತಂತಿಯ ಬದಲು ದಪ್ಪ ತಾಮ್ರದೆಳೆ ಕಟ್ಟಿದ್ದರೆ ಆ ಮನೆಗೆ ರಕ್ಷಣೆಯೇ ಇಲ್ಲವೆಂದು ತಿಳಿಯಬೇಕು.

ಎರಡೇ ರಂಧ್ರದ ಹಳೆಯ ಸಾಕೆಟ್ಟನ್ನು ತೆಗೆದು ಮೂರು ರಂಧ್ರದ್ದನ್ನು ಕೂರಿಸಿದ ಮಾತ್ರಕ್ಕೆ ಅರ್ತಿಂಗ್ ಬಂದಂತಾಗುವುದಿಲ್ಲ. ಗೋಡೆಯೊಳಗೆ ಮೂರನೆಯ ತಂತಿಯೇ ಇಲ್ಲದಿದ್ದರೆ ಮೇಲಿನ ರಂಧ್ರ ಬರಿಯ ತೋರಿಕೆಯದಾಗಿ, ಉಪಕರಣದ ಲೋಹದ ಮೈಗೆ ವಿದ್ಯುತ್ತು ತಾಗಿದಾಗ ಅದು ಮುಟ್ಟಿದವರ ದೇಹದ ಮೂಲಕವೇ ಭೂಮಿಗೆ ಇಳಿಯುತ್ತದೆ. ಕೆಲವರು ಸಾಕೆಟ್ಟಿನಲ್ಲೇ ನ್ಯೂಟ್ರಲಿನಿಂದ ಅರ್ತ್ ಟರ್ಮಿನಲಿಗೆ ಚಿಕ್ಕ ತಂತಿ ಜೋಡಿಸಿ ಅರ್ತಿಂಗ್ ಆಯಿತೆನ್ನುತ್ತಾರೆ. ಇದು ಅರ್ತಿಂಗ್ ಇಲ್ಲದಿರುವುದಕ್ಕಿಂತಲೂ ಘೋರವಾದುದು. ಎಲ್ಲೋ ಒಂದು ಕಡೆ ನ್ಯೂಟ್ರಲ್ ಕಡಿದುಹೋದ ಕ್ಷಣದಲ್ಲಿ ಚಾಲನೆಯಲ್ಲಿರುವ ಉಪಕರಣದ ಮೂಲಕ ಹಾದ ಫೇಸು ಅದೇ ತುಂಡು ತಂತಿಯಿಂದ ಫ್ರಿಜ್ಜಿನ, ವಾಷಿಂಗ್ ಮಷೀನಿನ ಮೈಗೆ ನೇರವಾಗಿ ಬರುತ್ತದೆ. ಐಎಸ್ 3043 ಮಾನಕವು ವಿವರಿಸುವಂತೆ ಅರ್ತ್ ಪಿಟ್ಟಿನಿಂದ ಪ್ರತ್ಯೇಕ ತಂತಿಯನ್ನು ಸಾಕೆಟ್ಟಿನವರೆಗೆ ತರುವುದೇ ಸರಿಯಾದ ಮಾರ್ಗ. ಬೇಸಿಗೆಯಲ್ಲಿ ಒಣಗಿದ ಪಿಟ್ಟಿಗೆ ನೀರುಣಿಸುವುದೂ ಆ ವ್ಯವಸ್ಥೆಯ ಪಾಲನೆಯ ಭಾಗ. ತಂತಿ ಎಳೆಯುವವರೆಗೂ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನು ಅಳವಡಿಸಿದರೆ, ಅರ್ತಿಂಗ್ ಇಲ್ಲದ ಸಾಕೆಟ್ಟಿನಲ್ಲಿಯೂ ದೇಹದ ಮೂಲಕ ಹರಿಯುವ ಸೋರಿಕೆಯನ್ನು ಅದು ಗುರುತಿಸಿ ಕಡಿತಗೊಳಿಸುವುದರಿಂದ ಪ್ರಾಣ ಉಳಿಯುವ ಸಂಭವ ಹೆಚ್ಚುತ್ತದೆ.

ಸಾಕೆಟ್ಟಿನೊಡನೆ ಪ್ಲಗ್ ಟಾಪನ್ನೂ, ಅಂದರೆ ಉಪಕರಣದ ವೈರಿನ ತುದಿಯ ಪ್ಲಗ್ಗನ್ನೂ ಪರೀಕ್ಷಿಸುವುದು ಅನೇಕರು ಮರೆಯುವ ಕೆಲಸ. ಸಂಪರ್ಕವೆಂಬುದು ಎರಡು ಲೋಹಗಳ ನಡುವಿನದು. ಕಪ್ಪಾಗಿ ಕುಳಿಬಿದ್ದ ಹಳೆಯ ಪಿನ್ನನ್ನು ಹೊಸ ಸಾಕೆಟ್ಟಿಗೆ ಸಿಕ್ಕಿಸಿದರೆ ಅದರ ಒರಟು ಮೈ ಹೊಸ ಪಟ್ಟಿಯನ್ನು ಗೀರಿ, ಕಾಯಿಸಿ, ಅದನ್ನೂ ಬೇಗನೆ ಹಾಳುಗೆಡವುತ್ತದೆ. ಆದ್ದರಿಂದ ಸುಟ್ಟ ಸಾಕೆಟ್ಟು ಬದಲಾದಾಗ ಪ್ಲಗ್ ಟಾಪೂ ಬದಲಾಗಬೇಕು. ಕೆಲಸ ಮುಗಿದ ಮೇಲೆ ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ತ್ ನಡುವೆ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಆಗಿರುವುದನ್ನೂ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅದು ಸೊನ್ನೆಗೆ ಸಮೀಪವಿರುವುದನ್ನೂ ಮಾಪಕದಿಂದ ನೋಡಿ, ಸಾಕೆಟ್ಟಿಗೆ ತಕ್ಕ ಭಾರದ ಉಪಕರಣವನ್ನು ಕೆಲ ಹೊತ್ತು ನಡೆಸಿ, ಬಿಸಿ ಏರಿಲ್ಲವೆಂದು ಖಚಿತಪಡಿಸಿಕೊಂಡರೆ ಕೆಲಸ ಪೂರ್ಣವಾದಂತೆ.

ಮನೆಯ ಒಂದೆರಡು ಸಾಕೆಟ್ಟುಗಳಷ್ಟೇ ಸಡಿಲವಾಗಿದ್ದರೆ ಬದಲಾವಣೆ ಸಾಕು. ಆದರೆ ಬೋರ್ಡು ತೆರೆದೊಡನೆ ರಬ್ಬರ್ ಹೊದಿಕೆ ಪುಡಿಪುಡಿಯಾಗಿ ಉದುರಿದರೆ, ಹಲವು ಪಾಯಿಂಟುಗಳಲ್ಲಿ ಸುಟ್ಟ ಗುರುತು ಕಂಡರೆ, ಎಲ್ಲಿಯೂ ಅರ್ತ್ ತಂತಿ ಸಿಗದಿದ್ದರೆ ಇಡೀ ಮನೆಯ ವೈರಿಂಗನ್ನೇ ಪರೀಕ್ಷಿಸುವ ಕಾಲ ಬಂದಿದೆಯೆಂದು ತಿಳಿಯಬೇಕು. ಮೆಗ್ಗರ್ ಎಂಬ ಸಾಧನದಿಂದ 500 ವೋಲ್ಟಿನಲ್ಲಿ ಅಳೆದಾಗ ತಂತಿಯ ಹೊದಿಕೆಯ ರೋಧ ಒಂದು ಮೆಗಓಮಿಗಿಂತ, ಅಂದರೆ ಹತ್ತು ಲಕ್ಷ ಓಮಿಗಿಂತ ಕಡಿಮೆಯಿದ್ದರೆ ಆ ತಂತಿಯ ಕಾಲ ಮುಗಿದಿದೆಯೆಂದೇ ಅರ್ಥ. ಹಳೆಯ ತೊಟ್ಟಿಮನೆಗಳ ಮಣ್ಣಿನ ಗೋಡೆಯನ್ನು ಕೊರೆಯಲಾಗದ ಕಡೆ ಗೋಡೆಯ ಮೇಲೆಯೇ ಪಿವಿಸಿ ಕೇಸಿಂಗ್ ಪಟ್ಟಿಯಲ್ಲಿ ಹೊಸ ತಂತಿಯನ್ನು ಒಯ್ಯಬಹುದಾದ್ದರಿಂದ, ಮನೆಯ ಅಂದ ಕೆಡುವುದೆಂಬ ಕಾರಣಕ್ಕೆ ಈ ಕೆಲಸವನ್ನು ಮುಂದೂಡಬೇಕಾಗಿಲ್ಲ.

ಒಂದು ಸಾಕೆಟ್ಟು ಮತ್ತು ಪ್ಲಗ್ ಟಾಪಿಗೆ ಆಗುವ ಖರ್ಚು ಕೆಲವು ನೂರು ರೂಪಾಯಿ, ಅದನ್ನು ಬದಲಾಯಿಸಲು ವೈರ್‌ಮನ್‌ಗೆ ಬೇಕಾಗುವ ಸಮಯ ಒಂದು ಗಂಟೆಗಿಂತ ಕಡಿಮೆ. ಹಳೆಯ ಮನೆಯಲ್ಲಿ ವಾಸಿಸುವ ಪ್ರತಿಯೊಬ್ಬರೂ ಅಡುಗೆಮನೆ ಮತ್ತು ಬಚ್ಚಲುಮನೆಯ ಸಾಕೆಟ್ಟುಗಳಿಂದ ತೊಡಗಿ ಎಲ್ಲ ಪಾಯಿಂಟುಗಳನ್ನೂ ಈ ವಾರವೇ ಒಮ್ಮೆ ಅಲುಗಿಸಿ, ಮುಟ್ಟಿ, ಮೂಸಿ ನೋಡಬೇಕು; ಬಿಸಿಯಾಗುವ, ಜೋತುಬೀಳುವ, ಚಟಪಟ ಸದ್ದು ಮಾಡುವ ಸಾಕೆಟ್ಟಿನ ಬಳಕೆಯನ್ನು ಅದು ಬದಲಾಗುವವರೆಗೆ ಸಂಪೂರ್ಣ ನಿಲ್ಲಿಸಬೇಕು; ಮಳೆಗಾಲ ಶುರುವಾಗುವ ಮೊದಲು ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನು ಮನೆಯ ವಾಡಿಕೆಯಾಗಿಸಿಕೊಳ್ಳಬೇಕು.